ಬಸುರಿ ಇರುವ ಮನೆಯಲ್ಲಿ ಹೊಗೆ, ಧೂಳು ತಗ್ಗಿಸುವುದು ಹೇಗೆ: ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗಳಿಗೆ

ಹುಟ್ಟಿದ ಕೂಸು 2,500 ಗ್ರಾಂಗಿಂತ ಕಡಿಮೆ ತೂಗಿದರೆ ಅದನ್ನು ಕಡಿಮೆ ತೂಕದ ಕೂಸು ಎನ್ನುತ್ತಾರೆ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 18 ಕೂಸುಗಳು ಹೀಗೆ ಹುಟ್ಟುತ್ತವೆ. ರಕ್ತಹೀನತೆ, ಊಟದ ಕೊರತೆ, ಚಿಕ್ಕ ವಯಸ್ಸಿನ ಬಸಿರು, ಬಿ.ಪಿ., ಎರಡು ಹೆರಿಗೆಯ ನಡುವೆ ಅಂತರ ಇಲ್ಲದಿರುವುದು, ಈ ಕಾರಣಗಳನ್ನೆಲ್ಲ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುತ್ತಾರೆ. ಹೊಗೆಯ ಮಾತು ಬರುವುದು ಕಡಿಮೆ.

ಈ ಸೀಮೆಯಲ್ಲಿ ಹೊಗೆ ಎಂದ ಕೂಡಲೇ ಎಲ್ಲರೂ ಕಾರ್ಖಾನೆಯ ಚಿಮಣಿಗಳ ಕಡೆ ಕೈ ತೋರಿಸುತ್ತಾರೆ. ತೋರಣಗಲ್ಲು, ಕುಡಿತಿನಿ, ಗಿಣಿಗೇರಿ, ಶಕ್ತಿನಗರಗಳ ಹೊಗೆ ಸುಳ್ಳಲ್ಲ, ಅದರ ವಿಚಾರ ಮುಂದೆ ಬರುತ್ತದೆ. ಆದರೆ ದಿನಕ್ಕೆ ಎರಡು ಹೊತ್ತು ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹೆಣ್ಣುಮಗಳ ಪುಪ್ಪುಸಕ್ಕೆ ಹೋಗುವ ಹೊಗೆಯಲ್ಲಿ ದೊಡ್ಡ ಪಾಲು ಆ ಒಲೆಯದೇ. ಚಿಮಣಿಯ ಹೊಗೆ ತಗ್ಗಿಸಲು ವರ್ಷಗಳು ಬೇಕು, ಒಲೆಯ ಹೊಗೆಯನ್ನು ಮನೆಯವರು ಈ ವಾರವೇ ತಗ್ಗಿಸಬಹುದು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇವೆ. ಇದು ಬಸುರಿಯೊಬ್ಬಳಿಗೆ ಹೇಳುವ ಮಾತಲ್ಲ. ಗಂಡ, ಅತ್ತೆ, ನಾದಿನಿ, ತವರಿನವರು ಮಾಡಬೇಕಾದ ಕೆಲಸವೇ ಇದರಲ್ಲಿ ಹೆಚ್ಚು.

ಹೊಗೆ ಹೊಟ್ಟೆಯೊಳಗಿನ ಕೂಸಿಗೆ ಮುಟ್ಟುವುದು ಹೇಗೆ

ಹೊಗೆಯಲ್ಲಿ ಎರಡು ಕೆಟ್ಟ ಪದಾರ್ಥ ಮುಖ್ಯ. ಒಂದು, ಪಿಎಂ 2.5 ಎನ್ನುವ ಸಣ್ಣ ಕಣ. ಕೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿಗಿಂತಲೂ ಚಿಕ್ಕದು, ಮೂಗಿನ ಕೂದಲಿಗಾಗಲಿ ಕಫಕ್ಕಾಗಲಿ ಸಿಕ್ಕುವುದಿಲ್ಲ. ಪುಪ್ಪುಸದ ಆಳಕ್ಕೆ ಇಳಿದು ಮೈಯಲ್ಲಿ ಉರಿಯೂತ ಎಬ್ಬಿಸುತ್ತದೆ, ಮಾಸಿಗೆ (ಹೊಟ್ಟೆಯೊಳಗಿನ ಕೂಸಿಗೆ ಊಟ, ಆಮ್ಲಜನಕ ಮುಟ್ಟಿಸುವ ಅಂಗ) ಹೋಗುವ ರಕ್ತದ ಹರಿವು ಕುಂದುತ್ತದೆ. ಬೆಲ್ಜಿಯಂನ ಸಂಶೋಧಕರು 2019ರಲ್ಲಿ ಮಾಸಿನ ತಾಯಿಯ ಬದಿಯಲ್ಲಷ್ಟೇ ಅಲ್ಲ, ಕೂಸಿನ ಬದಿಯಲ್ಲೂ ಮಸಿಯ ಕಣಗಳನ್ನು ಕಂಡರು. ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಮೇಲೆ ಆ ರಕ್ತ ಕೂಸಿಗೆ ಆಮ್ಲಜನಕ ಹೊರಲಾರದು. ತಾಯಿಗೆ ಮೊದಲೇ ರಕ್ತ ಕಡಿಮೆ ಇದ್ದರೆ ನಷ್ಟ ಇಮ್ಮಡಿ.

ತಮಿಳುನಾಡಿನಲ್ಲಿ 1,285 ಬಸುರಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸಿರಿನ ಕಾಲದ ಗಾಳಿಯಲ್ಲಿ ಪಿಎಂ 2.5 ಪ್ರತಿ 10 ಮೈಕ್ರೋಗ್ರಾಂ ಏರಿದಾಗ ಕೂಸಿನ ತೂಕ ಸರಾಸರಿ 4 ಗ್ರಾಂ ಇಳಿದಿತ್ತು. ನಾಲ್ಕು ಗ್ರಾಂ ಯಾವ ಲೆಕ್ಕ ಅನ್ನಿಸಬಹುದು. ಆದರೆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದಾಗ ಘನಮೀಟರ್ ಗಾಳಿಯಲ್ಲಿ ಈ ಕಣ ನೂರಾರು ಮೈಕ್ರೋಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನದ ಸರಾಸರಿಗೆ ಹಾಕಿರುವ ಮಿತಿ 15, ನಮ್ಮ ದೇಶದ ಮಿತಿ 60. 2,550 ಗ್ರಾಂ ಇರಬೇಕಾದ ಕೂಸನ್ನು 2,480ಕ್ಕೆ ಇಳಿಸಲು ಅಷ್ಟು ಸಾಕು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ಸುಮಾರು 3,200 ಬಸುರಿಯರನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ಗ್ಯಾಸ್ ಒಲೆ ಮತ್ತು ಸಿಲಿಂಡರ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತಾಯಂದಿರು ಉಸಿರಾಡುವ ಕಣದ ಪ್ರಮಾಣ ಗ್ಯಾಸ್ ಕೊಡದ ಮನೆಗಳಲ್ಲಿ ಸುಮಾರು 70 ಇದ್ದರೆ, ಗ್ಯಾಸ್ ಬಂದ ಮನೆಗಳಲ್ಲಿ ಸುಮಾರು 24 ಇತ್ತು. ಕೂಸಿನ ತೂಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವರಿಗೆ ಗ್ಯಾಸ್ ಸಿಕ್ಕಿದ್ದು 9ನೇ ವಾರ ಕಳೆದ ಮೇಲೆ, ಹಲವರಿಗೆ ಐದನೇ ತಿಂಗಳ ಹೊತ್ತಿಗೆ. ಮಾಸು ಬೇರೂರುವುದು ಅದಕ್ಕೂ ಮೊದಲು. ಇದರಿಂದ ನಾವು ತಿಳಿದುಕೊಳ್ಳುವುದು ಎರಡು: ಹೊಗೆ ಬಿಡಿಸುವ ಕೆಲಸ ಮುಟ್ಟು ನಿಂತ ಮೇಲಲ್ಲ, ಮದುವೆಯಾಗಿ ಸೊಸೆ ಮನೆಗೆ ಬಂದಾಗಲೇ ಶುರುವಾಗಬೇಕು, ಊಟ, ರಕ್ತ, ವಿಶ್ರಾಂತಿ ಬಿಟ್ಟು ಬರೀ ಗ್ಯಾಸನ್ನು ನಂಬಿಕೊಳ್ಳಬಾರದು. ಈಗಾಗಲೇ ಆರನೇ ತಿಂಗಳಾಗಿದ್ದರೆ ತಡವಾಯಿತೆಂದು ಕೈಬಿಡಬೇಡಿ. 28 ವಾರಕ್ಕೆ ಸುಮಾರು ಒಂದು ಕಿಲೋ ಇರುವ ಕೂಸು ಉಳಿದ ಮೂರು ತಿಂಗಳಲ್ಲೇ ಎರಡೂವರೆ, ಮೂರು ಕಿಲೋ ಆಗುವುದು.

ರೊಟ್ಟಿಯ ಒಲೆ

ಈ ಭಾಗದಲ್ಲಿ ಗ್ಯಾಸ್ ಇರುವ ಮನೆಯಲ್ಲೂ ಕಟ್ಟಿಗೆ ಒಲೆ ಆರಿಲ್ಲ. ಚಹಾ, ಸಾರು, ಅನ್ನ ಗ್ಯಾಸಿನ ಮೇಲೆ. ಜೋಳದ ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಮೇಲೆ. ಹೊಗೆಯ ಲೆಕ್ಕದಲ್ಲಿ ಇದು ತಲೆಕೆಳಗು. ಚಹಾಕ್ಕೆ ಹತ್ತು ನಿಮಿಷ ಸಾಕು, ರೊಟ್ಟಿಗೆ ಒಂದು ತಾಸು ಮುಖವನ್ನು ಬೆಂಕಿಯ ಹತ್ತಿರ ಇಟ್ಟುಕೊಂಡೇ ಕೂಡಬೇಕು. 14.2 ಕಿಲೋದ ಸಿಲಿಂಡರ್ ತಿಂಗಳಿಗೆ ಸಾಲದು ಎನ್ನುವ ಮನೆಯಾದರೆ, ಬಸುರಿ ಕೂತು ಮಾಡುವ ಅಡುಗೆಗೆ ಗ್ಯಾಸ್ ಮೀಸಲಿಡಿ. ಬೇರೆಯವರು ಹೊರಗೆ ನಿಂತು ಮಾಡಬಹುದಾದದ್ದನ್ನು ಕಟ್ಟಿಗೆಗೆ ಬಿಡಿ.

ಗ್ಯಾಸಿನ ಮೇಲೆ ರೊಟ್ಟಿ ಅಂಚು ಹಸಿ ಉಳಿಯುತ್ತದೆ, ಉಬ್ಬುವುದಿಲ್ಲ ಎಂಬ ದೂರು ನಿಜ. ಬರ್ನರಿನ ಉರಿ ಹಂಚಿನ ನಡುವಿಗಷ್ಟೇ ತಾಗುವುದು ಅದಕ್ಕೆ ಕಾರಣ. ದಪ್ಪ ಕಬ್ಬಿಣದ ಹಂಚನ್ನು ದೊಡ್ಡ ಬರ್ನರಿನ ಮೇಲೆ ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ರೊಟ್ಟಿಯನ್ನು ಹಂಚಿಗಿಂತ ಎರಡು ಬೆರಳು ಚಿಕ್ಕದಾಗಿ ಬಡಿಯಿರಿ. ಮೇಲೆ ನೀರು ಸವರಿ ತಿರುವಿ ಹಾಕಿದ ಮೇಲೆ ಹಂಚನ್ನೇ ಸ್ವಲ್ಪ ಸರಿಸಿ ಒಂದೊಂದು ಅಂಚನ್ನೂ ಉರಿಯ ಮೇಲೆ ತನ್ನಿ, ಬಟ್ಟೆಯಿಂದ ಅಂಚು ಒತ್ತಿ. ಇನ್ನೊಂದು ದಾರಿ ಕಡಕ್ ರೊಟ್ಟಿ. ಚೆನ್ನಾಗಿ ಒಣಗಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ವಾರಕ್ಕೊಮ್ಮೆ ಮನೆಯ ಬೇರೆಯವರು ಹೊರಗಿನ ಒಲೆಯಲ್ಲಿ ಒಟ್ಟಿಗೆ ಮಾಡಿಟ್ಟರೆ ಬಸುರಿ ದಿನವೂ ಬೆಂಕಿಯ ಮುಂದೆ ಕೂಡಬೇಕಿಲ್ಲ. ಊರಲ್ಲಿ ರೊಟ್ಟಿ ಮಾರುವವರಿದ್ದರೆ ಅವರಿಂದ ತರಿಸಲು ಸಂಕೋಚಪಡಬೇಡಿ.

ಗ್ಯಾಸಿನ ಉರಿ ನೀಲಿ ಇರಬೇಕು. ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತು ಕಟ್ಟಿದೆ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಬರ್ನರ್ ಬಿಚ್ಚಿ ಸೂಜಿಯಿಂದ ತೂತು ಬಿಡಿಸಿ, ತೊಳೆದು ಪೂರ್ತಿ ಒಣಗಿಸಿ ಹಾಕಿ. ಒಗ್ಗರಣೆ ಹಾಕುವಾಗ, ಮೆಣಸಿನಕಾಯಿ ಹುರಿಯುವಾಗ ಕಿಟಕಿ ತೆರೆದಿರಲಿ. ಸೋರಿಕೆಯ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಗ್ಯಾಸ್ ಸಂಪರ್ಕವೇ ಇಲ್ಲದ ಬಡ ಕುಟುಂಬದ ಹೆಣ್ಣುಮಕ್ಕಳು 2016ರಿಂದ ನಡೆದಿರುವ ಉಜ್ವಲ ಯೋಜನೆಯ ಅರ್ಜಿಯನ್ನು ಹತ್ತಿರದ ಗ್ಯಾಸ್ ಏಜೆನ್ಸಿಯಲ್ಲಿ ಕೇಳಬಹುದು.

ಕಟ್ಟಿಗೆ ಬಿಡಲು ಆಗದಿದ್ದರೆ

ಮೊದಲು ಒಲೆಯನ್ನು ಹೊರಗೆ ತನ್ನಿ. ಮಾಳಿಗೆ ಮನೆಯ ಒಳಗೋಡೆಗೆ ಅಂಟಿದ ಒಲೆಯ ಹೊಗೆ ಬೆಳಕಿಂಡಿಯಿಂದ ಪೂರ್ತಿ ಹೋಗುವುದಿಲ್ಲ, ಮಲಗುವ ಕೋಣೆಗೂ ಹರಿದು ರಾತ್ರಿಯೆಲ್ಲ ಉಳಿಯುತ್ತದೆ. ಹಿತ್ತಲಲ್ಲಿ ಮೂರು ಬದಿ ತೆರೆದ ಚಪ್ಪರ ಸಾಕು. ಕೂಡುವಾಗ ಗಾಳಿ ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಹಾಯುವಂತೆ ಅಡ್ಡ ಕೂಡಬೇಕು. ಗಾಳಿಗೆ ಬೆನ್ನು ಕೊಟ್ಟು ಕೂತರೆ ಹೊಗೆ ಮುಂದಕ್ಕೆ ಹೋಗುತ್ತದೆ ಎಂದು ಅನ್ನಿಸುತ್ತದೆ. ನಿಜದಲ್ಲಿ ಮೈಯ ಮುಂದೆ ಗಾಳಿ ಸುತ್ತು ಹೊಡೆದು ಹೊಗೆಯನ್ನು ಮುಖಕ್ಕೇ ಎಳೆದು ತರುತ್ತದೆ.

ಒಳಗೇ ಇರಬೇಕಾದರೆ ಹೊಗೆಕೊಳವೆ ಇರುವ ಒಲೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಈ ಬಗೆಯದು. ನಾಲ್ಕು ಅಂಗುಲ ವ್ಯಾಸದ ಕೊಳವೆ ಮಾಳಿಗೆಯಿಂದ ಕನಿಷ್ಠ ಎರಡು ಅಡಿ ಮೇಲೆ ಹೋಗಬೇಕು, ಮೇಲೆ ಮಳೆ ಟೋಪಿ ಇರಬೇಕು. ಇದು ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ತಿಂಗಳಿಗೊಮ್ಮೆ ಮಸಿ ತೆಗೆಯುವುದಿಲ್ಲ. ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಒಲೆಯ ಬಾಯಿಂದಲೇ ವಾಪಸ್ ಕಳಿಸುತ್ತದೆ. ಆಗ ಮನೆಯವರು ಒಲೆ ಸರಿಯಿಲ್ಲ ಎಂದು ಒಡೆದುಹಾಕುತ್ತಾರೆ. ಖಾಲಿ ಇರುವ ಪಾತ್ರೆಯ ಕುಳಿಯನ್ನು ಮುಚ್ಚದಿದ್ದರೂ ಹೀಗೇ ಆಗುತ್ತದೆ.

ಸೌದೆ ಒಣಗಿರಬೇಕು. ಬಳ್ಳಾರಿ ಜಾಲಿ ಹಸಿಯಾಗಿ ಉರಿಸಿದರೆ ಹೊಗೆಯೇ ಹೊಗೆ. ಮಣಿಕಟ್ಟಿನ ದಪ್ಪಕ್ಕೆ ಸೀಳಿ ಎರಡು ಮೂರು ತಿಂಗಳು ಬಿಸಿಲಲ್ಲಿ ಒಣಗಿಸಿದರೆ ಒಳ್ಳೆಯ ಉರಿ ಕೊಡುತ್ತದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಬೇಗ ಹೊತ್ತಿ ಬೇಗ ಆರುತ್ತವೆ, ಮತ್ತೆ ಮತ್ತೆ ಒಟ್ಟಬೇಕಾಗುತ್ತದೆ, ಪ್ರತಿ ಸಲ ಒಟ್ಟಿದಾಗಲೂ ಹೊಗೆ. ಕುಳ್ಳಿನ ಹೊಗೆ ಇವೆಲ್ಲಕ್ಕಿಂತ ಕೆಟ್ಟದ್ದು, ಬಸುರಿ ಇರುವ ಮನೆಯಲ್ಲಿ ಬೇಡ. ಹೊತ್ತಿಸಲು ಪ್ಲಾಸ್ಟಿಕ್ ಹಾಳೆ, ಟೈರಿನ ತುಂಡು ಹಾಕಲೇಬೇಡಿ. ಹೊತ್ತಿಸುವ ಮೊದಲ ಹತ್ತು ನಿಮಿಷ ಮತ್ತು ಊದುಗೊಳವೆಯಿಂದ ಊದುವಾಗ ಹೊಗೆ ಅತಿ ಹೆಚ್ಚು. ಅದನ್ನು ಬೇರೆಯವರು ಮಾಡಲಿ, ಉರಿ ನಿಂತ ಮೇಲೆ ಬಸುರಿ ಬರಲಿ. ಬೇಳೆ, ಕಾಳು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಒಲೆಯ ಹೊತ್ತು ಬಹಳ ಉಳಿಯುತ್ತದೆ.

ಬಚ್ಚಲ ಹಂಡೆಯ ಒಲೆ ಮರೆತುಹೋಗುವ ಒಲೆ. ಹಂಡೆಗೆ ಬೆಂಕಿ ಹಾಕುವ ಬಾಯಿ ಹೊರಗೋಡೆಯ ಕಡೆ ಇರಲಿ, ಹಾಕುವವರು ಗಂಡಸರಾಗಲಿ. ವರ್ಷದಲ್ಲಿ ಬಹುಪಾಲು ತಿಂಗಳು ನಮ್ಮ ಬಿಸಿಲಿಗೆ ಕಪ್ಪು ಡ್ರಮ್ಮಿನಲ್ಲಿ ಇಟ್ಟ ನೀರು ಮಧ್ಯಾಹ್ನದ ಹೊತ್ತಿಗೆ ಸ್ನಾನಕ್ಕೆ ಸಾಕಾಗುವಷ್ಟು ಕಾಯುತ್ತದೆ. ಪಟ್ಟಣದ ಮನೆಯಲ್ಲಿ ಗ್ಯಾಸ್ ಗೀಸರ್ ಮುಚ್ಚಿದ ಬಚ್ಚಲೊಳಗೆ ಇದ್ದರೆ ಅದನ್ನು ಹೊರಗೆ ಹಾಕಿಸಿ. ಅದರ ಕಾರ್ಬನ್ ಮೊನಾಕ್ಸೈಡಿನಿಂದ ಸ್ನಾನ ಮಾಡುತ್ತಿದ್ದವರು ಪ್ರಜ್ಞೆ ತಪ್ಪಿ ಸತ್ತಿದ್ದಾರೆ.

ಒಲೆಯ ಮುಂದೆ ತಲೆನೋವು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ಬಸುರಿಯ ಸಂಕಟ ಎಂದು ಸುಮ್ಮನಾಗಬೇಡಿ. ಹೊರಗಿನ ಗಾಳಿಗೆ ಬಂದ ಮೇಲೆ ಕಡಿಮೆಯಾದರೆ, ಅಥವಾ ಮನೆಯ ಇನ್ನೊಬ್ಬರಿಗೂ ಹಾಗೇ ಆಗಿದ್ದರೆ, ಅದು ಕಾರ್ಬನ್ ಮೊನಾಕ್ಸೈಡ್ ಇರಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದನ್ನು ತೋರಿಸುವುದಿಲ್ಲ, 98 ಎಂದೇ ತೋರಿಸಬಹುದು. 108ಕ್ಕೆ ಕರೆ ಮಾಡಿ, ಹೊಗೆ ಕುಡಿದಿದ್ದಾಳೆ ಎಂದು ಬಾಯಿಬಿಟ್ಟು ಹೇಳಿ.

ತವರಿಗೆ ಕಳಿಸುವ ಮುಂಚೆ

ಕುಬುಸ ಮಾಡಿ ಏಳನೇ ತಿಂಗಳಿಗೆ ಮಗಳನ್ನು ತವರಿಗೆ ಕರೆತರುತ್ತಾರೆ. ಅಂದರೆ ಕೂಸು ತೂಕ ಹಾಕಿಕೊಳ್ಳುವ ಕಾಲವೆಲ್ಲ ತವರಿನ ಹೊಗೆಯಲ್ಲೋ ತವರಿನ ಒಳ್ಳೆಯ ಗಾಳಿಯಲ್ಲೋ ಕಳೆಯುತ್ತದೆ. ಹೊಸಪೇಟೆಯ ಗ್ಯಾಸಿನ ಮನೆಯಿಂದ ಹಳ್ಳಿಯ ಕುಳ್ಳಿನ ಒಲೆಗೆ ಹೋದರೆ ಆರು ತಿಂಗಳ ಜೋಪಾನ ವ್ಯರ್ಥ. ಕುಬುಸದ ಸೀರೆ ಆರಿಸುವ ಮುಂಚೆ ತವರಿನವರು ಮಾಡಿಡಬೇಕಾದ್ದು: ತುಂಬಿದ ಸಿಲಿಂಡರ್, ಮಗಳು ಮಲಗುವ ಕೋಣೆ ಅಡುಗೆಮನೆಯಿಂದ ದೂರ, ಆ ಕೋಣೆಗೆ ತೆರೆಯುವ ಕಿಟಕಿ, ಒಂದು ಸೊಳ್ಳೆಪರದೆ. ಸೊಳ್ಳೆಬತ್ತಿ ಬೇಡ, ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಎಂದು ಅಳೆದಿದ್ದಾರೆ. ಬೀಡಿ ಸೇದುವ ಗಂಡಸರು ಅಂಗಳಕ್ಕಲ್ಲ, ಓಣಿಗೆ ಹೋಗಲಿ. ಊದಿನಕಡ್ಡಿ ದೇವರ ಕೋಣೆಯಲ್ಲಿ ಒಂದು ಸಾಕು.

ಹೊರಗಿನ ಧೂಳು, ಹೊಗೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆಪ್‌ನಲ್ಲಿ ಅಳತೆ ಕೇಂದ್ರವಿರುವ ಊರುಗಳ ವಾಯು ಗುಣಮಟ್ಟ ಸೂಚ್ಯಂಕ ಸಿಗುತ್ತದೆ. 100ರ ಒಳಗಿದ್ದರೆ ಸಾಧಾರಣ ದಿನದಂತೆ ಓಡಾಡಬಹುದು. 200 ದಾಟಿದರೆ ಬಸುರಿ ಹೊರಗಿನ ದುಡಿತ ಬಿಡುವುದು ಲೇಸು. ಆದರೆ ಜಿಲ್ಲಾ ಕೇಂದ್ರದ ಅಂಕಿ ಕಾರ್ಖಾನೆಗಳ ಪಕ್ಕದ ಹಿರೇಬಗನಾಳಕ್ಕೋ ಸಂಡೂರಿನ ಅದಿರು ರಸ್ತೆಯ ಪಕ್ಕದ ಹಳ್ಳಿಗೋ ಹೊಂದುವುದಿಲ್ಲ. ಮಾಳಿಗೆಯ ಮೇಲೆ ಬಿಳಿ ತಟ್ಟೆ ಇಟ್ಟು ಬೆಳಿಗ್ಗೆ ಒರೆಸಿ ನೋಡಿದರೆ ಕೆಂಧೂಳು, ಕರಿಧೂಳು, ಬೂದಿ ಯಾವುದು ಬೀಳುತ್ತಿದೆ ಎಂದು ಗೊತ್ತಾಗುತ್ತದೆ. ಹೀಗೆ ಕೂಡುವುದು ದಪ್ಪ ಧೂಳು ಮಾತ್ರ, ಪಿಎಂ 2.5 ತಟ್ಟೆಯ ಮೇಲೆ ಕಾಣುವುದಿಲ್ಲ. ಆದ್ದರಿಂದ ತಟ್ಟೆ ಸ್ವಚ್ಛವಿದ್ದರೆ ಗಾಳಿ ಸ್ವಚ್ಛ ಎಂದು ತಿಳಿಯಬೇಡಿ.

ನವೆಂಬರಿನಿಂದ ಫೆಬ್ರವರಿವರೆಗೆ ತಂಪಾದ ಗಾಳಿ ನೆಲಕ್ಕೆ ಕೂತು ಹೊಗೆಯನ್ನು ಒತ್ತಿ ಹಿಡಿಯುತ್ತದೆ. ಬೆಳಗಿನ ಜಾವದ ನಡಿಗೆ ಆಗ ಒಳ್ಳೆಯದಲ್ಲ, ಬಿಸಿಲು ಏರಿದ ಮೇಲೆ, ಒಂಬತ್ತರ ಹೊತ್ತಿಗೆ ನಡೆಯಿರಿ. ಬೇಸಿಗೆಯಲ್ಲಿ ಬಿಸಿಲಿನ ಕಾಟ ಹೆಚ್ಚು, ಆಗ ಬೆಳಿಗ್ಗೆಯೇ ಸರಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ನೀರಾವರಿ ಭಾಗದಲ್ಲಿ ಭತ್ತದ ಕೊಯ್ಲಾದ ಮೇಲೆ ಹುಲ್ಲು ಸುಡುವ ದಿನಗಳಲ್ಲಿ ಹೊಲದ ಕಡೆಯ ಕಿಟಕಿ ಮುಚ್ಚಿ, ಹೊಗೆ ಕರಗಿದ ಮೇಲೆ ಎಲ್ಲವನ್ನೂ ತೆರೆಯಿರಿ. ಸಾಧ್ಯವಾದರೆ ಹುಲ್ಲು ಸುಡದೆ ದನಕ್ಕೆ ಬೇಕಾದವರಿಗೆ ಕೊಡಿ. ಆ ಹೊಗೆ ನಿಮ್ಮ ಓಣಿಯ ಬಸುರಿಗೇ ಬರುತ್ತದೆ.

ಒಣ ಕಸಬರಿಗೆಯಿಂದ ಗುಡಿಸಿದರೆ ಕೂತ ಧೂಳು ಮತ್ತೆ ಎದ್ದು ತಾಸುಗಟ್ಟಲೆ ತೇಲುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಿ, ಒಳಗೆ ಒದ್ದೆ ಬಟ್ಟೆಯಿಂದ ಒರೆಸಿ. ಗಣಿ ಲಾರಿ, ಅಕ್ಕಿ ಗಿರಣಿ, ಹತ್ತಿ ಜಿನ್, ಇಟ್ಟಿಗೆ ಭಟ್ಟಿಯಲ್ಲಿ ದುಡಿದು ಬಂದವರು ಬಟ್ಟೆಯನ್ನು ಹೊರಗೇ ಬಿಚ್ಚಿ ಜಾಡಿಸಿ, ಕೈಕಾಲು ತೊಳೆದು ಒಳಗೆ ಬರಲಿ. ಬಸುರಿಯೇ ಇಂಥ ಕಡೆ ದುಡಿಯುತ್ತಿದ್ದರೆ ತೂರುವ, ಚೀಲ ಸುರಿಯುವ, ಭಟ್ಟಿಗೆ ಬೆಂಕಿ ಹಾಕುವ ಕೆಲಸದಿಂದ ಬಿಡಿಸಿ ಹೊಲಿಯುವ, ಎಣಿಸುವಂಥ ಕೆಲಸ ಕೇಳಿ.

ಸೀರೆಯ ಸೆರಗು, ವೇಲು, ಬಟ್ಟೆ ಮಾಸ್ಕ್ ದಪ್ಪ ಧೂಳನ್ನಷ್ಟೇ ತಡೆಯುತ್ತವೆ. ಸಣ್ಣ ಕಣಕ್ಕೆ ಎನ್‌95 ಬೇಕು: ಎರಡೂ ಪಟ್ಟಿ ತಲೆಯ ಹಿಂದೆ, ಮೂಗಿನ ತಂತಿ ಒತ್ತಿ ಕೂರಿಸಿ, ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ಬರಬಾರದು. ಬಸ್ಸಿಗೆ ಕಾಯುವಾಗ, ಅದಿರು ರಸ್ತೆ ದಾಟುವಾಗ ಹಾಕಿಕೊಳ್ಳಿ. ದಿನವಿಡೀ ಬೇಡ, ನಮ್ಮ ಸೆಕೆಯಲ್ಲಿ ಉಸಿರು ಕಟ್ಟುತ್ತದೆ. ತಲೆ ತಿರುಗಿದರೆ ತೆಗೆಯಿರಿ. ಒಗೆದರೆ ಅದರ ಶಕ್ತಿ ಹೋಗುತ್ತದೆ. ಅನಿಲವನ್ನು ಅದು ತಡೆಯುವುದಿಲ್ಲ, ಆದ್ದರಿಂದ ಮಾಸ್ಕ್ ಹಾಕಿಕೊಂಡು ಒಲೆಯ ಮುಂದೆ ಕೂತರೆ ಕಾರ್ಬನ್ ಮೊನಾಕ್ಸೈಡ್ ಹೋಗಿಯೇ ಹೋಗುತ್ತದೆ.

ಕಾರ್ಖಾನೆಯ ಹೊಗೆಯ ಬಗ್ಗೆ ದೂರು ಕೊಡುವಾಗ "ಯಾವಾಗಲೂ ಹೊಗೆ" ಎಂದು ಬರೆದರೆ ಉಪಯೋಗವಿಲ್ಲ. ದಿನಾಂಕ, ಗಂಟೆ, ಎಷ್ಟು ಹೊತ್ತು, ಗಾಳಿ ಯಾವ ದಿಕ್ಕಿನಿಂದ, ಹೊಗೆಯ ಬಣ್ಣ, ಯಾವ ಚಿಮಣಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಹದಿನೈದು ದಿನ ಬರೆಯಿರಿ, ಫೋಟೋ ತೆಗೆಯಿರಿ. ಅದನ್ನು ಗ್ರಾಮ ಪಂಚಾಯಿತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಊರಿನ ಐದಾರು ಬಸುರಿಯರ ಮನೆಯವರು ಸೇರಿ ಸಹಿ ಹಾಕಿದರೆ ಅರ್ಜಿಗೆ ತೂಕ ಬರುತ್ತದೆ.

ಹೊಗೆಗೆ ಎದುರು ನಿಲ್ಲುವ ರಕ್ತ, ಊಟ

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಕೂಡಲೇ ದೊಡ್ಡಾಸ್ಪತ್ರೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ಕಬ್ಬಿಣದ ಮಾತ್ರೆ. ಚಹಾದ ಜೊತೆಗಾಗಲಿ ಸುಣ್ಣದ (ಕ್ಯಾಲ್ಸಿಯಂ) ಮಾತ್ರೆಯ ಜೊತೆಗಾಗಲಿ ನುಂಗಿದರೆ ಮೈಗೆ ಹತ್ತುವುದಿಲ್ಲ. ನಡುವೆ ಎರಡು ತಾಸು ಬಿಡಿ, ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಅಂಗನವಾಡಿಯ ಮಾತೃಪೂರ್ಣ ಊಟ, ಮೊಟ್ಟೆ, ಹಾಲು ಬಿಡಬೇಡಿ. ಬಸಿರಿನಲ್ಲಿ ಒಟ್ಟು 9ರಿಂದ 11 ಕಿಲೋ ತೂಕ ಏರಬೇಕು. ಏರದಿದ್ದರೆ, ಅಥವಾ ನರ್ಸ್ ಟೇಪಿನಿಂದ ಅಳೆಯುವ ಹೊಟ್ಟೆಯ ಎತ್ತರ 24 ವಾರದ ನಂತರ ವಾರದ ಸಂಖ್ಯೆಗಿಂತ ಮೂರು ಸೆಂಟಿಮೀಟರಿಗೂ ಹೆಚ್ಚು ಹಿಂದೆ ಬಿದ್ದರೆ, ಸ್ಕ್ಯಾನಿಂಗ್ ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರೇ ಬಸುರಿಯರನ್ನು ಪರೀಕ್ಷಿಸುತ್ತಾರೆ. ಮನೆಯಲ್ಲಿ ಕಟ್ಟಿಗೆ ಒಲೆ ಇದೆ, ಪಕ್ಕದಲ್ಲಿ ಕಾರ್ಖಾನೆ ಇದೆ ಎಂಬುದನ್ನು ಅಂದು ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಹೆರಿಗೆಯಾದ ಮೇಲೆ

ಕೂಸನ್ನು ಮೊದಲ ತಾಸಿನೊಳಗೆ, ಬಟ್ಟೆಯಿಲ್ಲದೆ, ಸೊನ್ನೆ ತೋರಿಸುವ ತಕ್ಕಡಿಯಲ್ಲಿ ತೂಗಿಸಿ ಬರೆಸಿಕೊಳ್ಳಿ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ತಡವಾಗಿ ತೂಗಿದರೆ ಲೆಕ್ಕ ತಪ್ಪುತ್ತದೆ. 1,800 ಗ್ರಾಂಗಿಂತ ಕಡಿಮೆ ಇದ್ದರೆ ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಸೇರಿಸಬೇಕು. 2,500ರ ಒಳಗಿನ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ದಿನಕ್ಕೆ ಕನಿಷ್ಠ 8 ತಾಸು ಇಡಬೇಕು. ತಾಯಿಗೆ ದಣಿವಾದರೆ ಅಪ್ಪನೋ ಅಜ್ಜಿಯೋ ಇಟ್ಟುಕೊಳ್ಳಬಹುದು.

ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟು, ಕಿಟಕಿಗೆ ಚೀಲ ಹೊಚ್ಚಿ ಕಾಯಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಹೊಗೆ ಕಾಣದ ಕೆಂಡವೇ ಕಾರ್ಬನ್ ಮೊನಾಕ್ಸೈಡನ್ನು ಹೆಚ್ಚು ಬಿಡುವುದು, ಮುಚ್ಚಿದ ಕೋಣೆಯಲ್ಲಿ ತಾಯಿ ಕೂಸು ಇಬ್ಬರ ಜೀವಕ್ಕೂ ಅಪಾಯ. ಬೆಚ್ಚಗೆ ಬೇಕಾದರೆ ಕೂಸಿಗೆ ಕುಲಾವಿ, ಕಾಲುಚೀಲ, ತಾಯಿಯ ಎದೆ, ತಾಯಿಗೆ ಬಿಸಿನೀರಿನ ಸ್ನಾನ ಇವೆ. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದೂ ಬೇಡ. ತಲೆ ಒಣಗಲು ಮೆತ್ತನೆ ಬಟ್ಟೆ ಸಾಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ತೂಗುತ್ತಾರೆ. ಎರಡು ವಾರ ಕಳೆದರೂ ಹುಟ್ಟಿದಾಗಿನ ತೂಕ ವಾಪಸ್ ಬರದಿದ್ದರೆ, ಎದೆಹಾಲು ಹಿಡಿಯದಿದ್ದರೆ, ಅಥವಾ ಉಸಿರು ನಿಮಿಷಕ್ಕೆ 60 ಮತ್ತು ಹೆಚ್ಚಿದ್ದರೆ, ಮುಂದಿನ ಭೇಟಿಯ ತನಕ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಿರಿ.